ಕೂಲರಿನ ಮೇಲೆ ನಾಯಿಯ ಕೇಸು

ಸಾಂಗ್ಲಿಯಲ್ಲಿ ನಾನು ವಕೀಲಿ ಶುರು ಮಾಡಿ ಹದಿನಾರು ವರ್ಷವಾಯಿತು. ಇನ್ನು ನಾನು ಬೆಚ್ಚಿಬೀಳುವಂಥದ್ದು ಏನೂ ಉಳಿದಿಲ್ಲ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡು ಮುಗಿಸುವಷ್ಟರಲ್ಲಿ ಯಾರಾದರೂ ಬಾಗಿಲು ತಳ್ಳಿಕೊಂಡು ಒಳಗೆ ಬಂದಿರುತ್ತಾರೆ. ನನ್ನ ಮನೆ ಮಿರಜದಲ್ಲಿ, ಆಫೀಸು ಸಾಂಗ್ಲಿಯಲ್ಲಿ. ಮನೆಮಾತು ಕನ್ನಡವಾದ್ದರಿಂದ ಮರಾಠಿ ಸರಿಯಾಗಿ ಬಾರದ ಕಕ್ಷಿದಾರರು ಕೇಳಿಕೊಂಡು ಕೇಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ಈಗ ಹೇಳುವುದೆಲ್ಲ ಒಂದೇ ನಾಯಿಯ ಕೇಸಿನ ಸುತ್ತ ನಡೆದದ್ದು. ನಡುವೆ ಒಂದು ಗಿಣಿಯೂ ಬಂದುಹೋಗುತ್ತದೆ.

೧. ಮಂಚ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಕೂಸನ್ನು ಎತ್ತಿಕೊಂಡಂತೆ ನಾಯಿಯೊಂದನ್ನು ಎತ್ತಿಕೊಂಡು ಬಂದಳು. ನಾಯಿಯ ಮುಂದಿನ ಕಾಲಿಗೆ ಬ್ಯಾಂಡೇಜ್ ಇತ್ತು. ಆಕೆ ಮಾಧವನಗರದ ಒಂದು ಮಗ್ಗದ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸದವಳು. ಗಂಡ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಗೋದಾಮಿನಲ್ಲಿ ಹಮಾಲ. ನಾಲ್ಕು ವರ್ಷದ ಹಿಂದೆ ವಿಜಯಪುರದ ಕಡೆಯಿಂದ ದುಡಿಯಲು ಬಂದವರು. ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ನನ್ನನ್ನು ಬಾಯಾರು, ಅಂದರೆ ಅಮ್ಮನವರು, ಎಂದಳು.

ನಡೆದದ್ದು ಇಷ್ಟು. ಕುಪವಾಡದಲ್ಲಿ ಅವರಿರುವುದು ತಗಡಿನ ಮಾಳಿಗೆಯ ಒಂದೇ ಕೋಣೆ. ಬಿಸಿಲು ತಡೆಯಲಾರದೆ ಮಿರಜದ ಅಂಗಡಿಯೊಂದರಿಂದ ಕಬ್ಬಿಣದ ಮೈಯ ಕೂಲರ್ ತಂದರು. ಅದನ್ನು ಮಾಡಿದ್ದು ಅಲ್ಲೇ ಎಂಐಡಿಸಿಯ ಒಂದು ಸಣ್ಣ ಶೆಡ್ಡಿನಲ್ಲಿ. ಮೂರನೆಯ ದಿನ ನಾಯಿ ತಂಪಿನ ಆಸೆಗೆ ಕೂಲರಿಗೆ ಒರಗಿ ಮಲಗಿತು. ಮಾವಶಿ ಚಪಾತಿ ಲಟ್ಟಿಸುತ್ತಿದ್ದಳು. ಎಂದೂ ಕೇಳದಂಥ ದನಿ ಕೇಳಿ ತಿರುಗಿ ನೋಡಿದರೆ ನಾಯಿ ಸೆಟೆದುಕೊಂಡು ಕೂಲರಿಗೆ ಅಂಟಿಕೊಂಡಿತ್ತು. ಕೈಯಲ್ಲಿದ್ದ ಲಟ್ಟಣಿಗೆಯಿಂದಲೇ ದೂಡಿ ಬಿಡಿಸಿದಳು. ಮರದ ಲಟ್ಟಣಿಗೆ, ಆದ್ದರಿಂದ ಇಬ್ಬರೂ ಉಳಿದರು. ನಾಯಿಯ ಕಾಲು ಸುಟ್ಟು ನರ ಹೋಯಿತು. ಅವತ್ತಿನಿಂದ ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ, ರೊಟ್ಟಿ ತೋರಿಸಿದರೂ ಬರುವುದಿಲ್ಲ ಎಂದಳು. ಅಂಗಡಿಗೆ ಹೋಗಿ ಕೇಳಿದರೆ, ಕೂಲರ್ ಇರುವುದು ಮನುಷ್ಯರಿಗೆ, ಅದಕ್ಕೆ ಒರಗು ಎಂದು ನಿಮ್ಮ ನಾಯಿಗೆ ನಾವು ಹೇಳಿದ್ದೆವಾ ಎಂದರಂತೆ.

ನಾಯಿಗೂ ಕಾಯ್ದೆ ಇದೆಯಾ ಎಂದು ಆಕೆ ಕೇಳಿದಳು. ನಾನು ನಿಧಾನವಾಗಿ ತಿಳಿಸಿದೆ. ಕೊಂಡ ವಸ್ತುವಿನಲ್ಲಿ ದೋಷವಿದ್ದು ಅದರಿಂದ ಹಾನಿಯಾದರೆ ಮಾರಿದವರೂ ಮಾಡಿದವರೂ ಉತ್ತರ ಕೊಡಬೇಕು. ನಾಯಿ ನಿಮ್ಮದು, ಅದರ ಹಾನಿ ಎಂದರೆ ನಿಮ್ಮ ಹಾನಿ. ದೇವರ ಫೋಟೋದ ಹಿಂದೆ ಇಟ್ಟಿದ್ದ ಬಿಲ್ಲು, ಮಿರಜದ ದನದ ಡಾಕ್ಟರು ಬರೆದುಕೊಟ್ಟ ಚೀಟಿ ಎರಡನ್ನೂ ಆಕೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಾಗ ನನಗೆ ಖುಷಿಯಾಯಿತು. ಓದಿದವರೇ ಇಷ್ಟು ಜೋಪಾನ ಮಾಡುವುದಿಲ್ಲ. ಗ್ರಾಹಕರ ಆ ಕೋರ್ಟಿಗೆ ಈಗ ಆಯೋಗ ಎಂಬ ಹೆಸರು. ಆದರೆ ನಮ್ಮ ಕಡೆ ಬಾಯಲ್ಲಿ ಉಳಿದಿರುವುದು ಹಳೆಯ ಮರಾಠಿ ಹೆಸರೇ, ಗ್ರಾಹಕ ಮಂಚ. ಮರಾಠಿಯಲ್ಲಿ ಮಂಚ ಎಂದರೆ ವೇದಿಕೆ. ರೂಢಿಯ ಮೇಲೆ ನಾನೂ ಹಾಗೇ ಅಂದೆ. "ಮಾವಶಿ, ಚಿಂತಿ ಮಾಡಬ್ಯಾಡ್ರಿ. ನಿಮ್ಮ ನಾಯಿದು ಮಂಚದ ಮ್ಯಾಲ ಹಾಕೂಣು."

ಮಾವಶಿ ನಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಮಂಚ ಬ್ಯಾಡ್ರಿ ಬಾಯಾರ," ಎಂದಳು. "ಅದಕ್ಕ ನೆಲಾನ ರೂಢಿ ಐತಿ."

೨. ಸಾಕ್ಷಿ

ನೋಟೀಸು ಹೋದ ಎರಡೇ ದಿನಕ್ಕೆ ಅಂಗಡಿಯವರ ಮನುಷ್ಯ ಮಾವಶಿಯ ಮನೆಗೆ ಹೋಗಿದ್ದ. ಕೂಲರ್ ಕೊಡಿ, ಪುಕ್ಕಟೆ ರಿಪೇರಿ ಮಾಡಿ ತರುತ್ತೇವೆ, ಜಗಳ ಯಾಕೆ ಎಂದು ಬಹಳ ಪ್ರೀತಿಯಿಂದ ಕೇಳಿದನಂತೆ. ಆಕೆ ಶೆಡ್ಡಿನಿಂದ ನನಗೆ ಫೋನು ಮಾಡಿದಳು. ಕೊಡಬೇಡಿ ಎಂದೆ. ಅವರು ಒಳಗಿನ ತಂತಿ ಸರಿ ಮಾಡಿಬಿಟ್ಟರೆ ನಾವು ತೋರಿಸಲು ಏನೂ ಉಳಿಯುವುದಿಲ್ಲ, ಒಂದು ಸ್ಕ್ರೂ ಕೂಡ ತಿರುಗಬಾರದು, ಅದೇ ನಮ್ಮ ಮುಖ್ಯ ಸಾಕ್ಷಿ, ಪ್ರಾಣ ಹೋದರೂ ಬಿಡಬೇಡಿ ಎಂದು ಒತ್ತಿ ಹೇಳಿದೆ. ವಕೀಲರು ಕಕ್ಷಿದಾರರಿಗೆ ಯಾವ ಮಾತನ್ನೂ ಒತ್ತಿ ಹೇಳಬಾರದು ಎಂದು ನನಗೆ ಗೊತ್ತಾದದ್ದು ಮುಂದಿನ ವಾರ.

ಕೂಲರ್ ಪರೀಕ್ಷೆ ಮಾಡಿಸಲು ನಿವೃತ್ತ ವಿದ್ಯುತ್ ಇಂಜಿನಿಯರರೊಬ್ಬರನ್ನು ಕರೆದುಕೊಂಡು ಕುಪವಾಡಕ್ಕೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಆ ಸಣ್ಣ ಕೋಣೆಯ ನಟ್ಟನಡುವೆ ಕೂಲರ್ ನಿಂತಿತ್ತು. ಅದಕ್ಕೆ ಎತ್ತಿಗೆ ಕಟ್ಟುವ ದಪ್ಪ ಹಗ್ಗ ನಾಲ್ಕು ಸುತ್ತು ಸುತ್ತಿ, ಹಗ್ಗದ ತುದಿಯನ್ನು ಮಾಳಿಗೆಯ ಕಂಬಕ್ಕೆ ಬಿಗಿದಿದ್ದರು. ಮೇಲೊಂದು ಹಳೆಯ ಸೀರೆ ಹೊದಿಸಿದ್ದರು. ಎದುರಿಗೆ ಸ್ಟೂಲಿನ ಮೇಲೆ ಮಾವಶಿಯ ಗಂಡ ಬೆವರು ಸುರಿಸುತ್ತ ಕುಳಿತಿದ್ದ. ಕಾಯಲಿಕ್ಕೆಂದು ಕೆಲಸಕ್ಕೆ ರಜೆ ಹಾಕಿದ್ದನಂತೆ. ಅಡಿಗೆ, ಊಟ, ನಿದ್ದೆ ಎಲ್ಲ ಹೊರಗೆ ಬೇವಿನ ಗಿಡದ ಕೆಳಗೆ, ನಾಯಿಯ ಪಕ್ಕದಲ್ಲಿ.

ಇಂಜಿನಿಯರರು ಹಗ್ಗ ಬಿಚ್ಚಿಸಿ, ಮೀಟರು ಹಿಡಿದು ನೋಡಿದರು. ಅರ್ಥಿಂಗ್ ತಂತಿಯನ್ನು ಎಲ್ಲಿಗೂ ಜೋಡಿಸಿಯೇ ಇರಲಿಲ್ಲ. ಮೋಟಾರಿನ ತಂತಿಯ ಸಿಪ್ಪೆ ಕಿತ್ತು ತಗಡಿಗೆ ತಾಗುತ್ತಿತ್ತು. ಇದು ನಾಯಿಯಾದದ್ದು ಪುಣ್ಯ, ಒದ್ದೆ ಕೈಯಲ್ಲಿ ಯಾರಾದರೂ ಮುಟ್ಟಿದ್ದರೆ ಹೆಣವೇ ಬೀಳುತ್ತಿತ್ತು ಎಂದರು. ಆ ಮಾತಿಗೆ ಮಾವಶಿ ಬಾಗಿಲ ಹೊರಗಿದ್ದ ನಾಯಿಯ ತಲೆಯ ಮೇಲೆ ಕೈ ಇಟ್ಟಳು. ಇಂಜಿನಿಯರರು ವರದಿ ಬರೆಯುತ್ತಿದ್ದಾಗ ಗಂಡ ಎದ್ದು ಮತ್ತೆ ಹಗ್ಗ ಬಿಗಿಯತೊಡಗಿದ. ಕೂಲರ್ ಎಲ್ಲಿಗೆ ಓಡಿಹೋಗುತ್ತದೆ ಮಾಮಾ, ಯಾಕೆ ಕಟ್ಟುತ್ತೀರಿ ಎಂದು ಕೇಳಿದೆ.

"ಕೋರ್ಟಿನ್ಯಾಗ ಸಾಕ್ಷಿಗೋಳು ತಿರಗಿ ಬೀಳ್ತಾವಂತ ಕೇಳೀನ್ರಿ," ಎಂದ. "ಅದಕ್ಕ ಬಿಗಿದು ಕಟ್ಟೇನಿ."

೩. ಸೊನ್ನೆ

ನೋಟೀಸಿಗೆ ಎದುರು ಪಕ್ಷದ ಉತ್ತರ ಬಂತು. ಅದರಲ್ಲೊಂದು ಸಾಲು ಹೀಗಿತ್ತು: ಸದರಿ ನಾಯಿ ಬೀದಿಯಲ್ಲಿ ಸಿಕ್ಕಿದ್ದು, ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಆದಕಾರಣ ದೂರುದಾರರಿಗೆ ಆದ ನಷ್ಟ ಸೊನ್ನೆ.

ಇದನ್ನು ಮಾವಶಿಗೆ ಹೇಳಲು ನನಗೆ ನಾಚಿಕೆಯಾಯಿತು. ಆದರೆ ಹೇಳಲೇಬೇಕಿತ್ತು. ಕಾಯ್ದೆಯ ಕಣ್ಣಿಗೆ ಸಾಕಿದ ಪ್ರಾಣಿಯೂ ಒಂದು ಸೊತ್ತು, ಕುರ್ಚಿ ಟೇಬಲ್ಲಿನ ಹಾಗೆ. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕುಳಿತಿದ್ದರು. ಮಾವಶಿಯ ಮುಖ ನೋಡಿದರೆ ಶಾಕ್ ಹೊಡೆದದ್ದು ನಾಯಿಗೋ ಇವಳಿಗೋ ಎನ್ನುವಂತಿತ್ತು. ಕುಪವಾಡದ ನಾಕಾ ಹತ್ತಿರ ಗಟಾರದಲ್ಲಿ ಬಿದ್ದು ಒದ್ದಾಡುತ್ತಿದ್ದ ಅಂಗೈಯಷ್ಟು ಮರಿಯನ್ನು ಎತ್ತಿ ತಂದು, ಬಟ್ಟೆಯ ಬತ್ತಿಯಿಂದ ಹಾಲು ಹಿಂಡಿ ಬದುಕಿಸಿದ್ದನ್ನೆಲ್ಲ ಹೇಳಿದಳು. ಕೊಂಡು ತಂದ ಕೂಲರಿಗೆ ಬೆಲೆ ಇದೆ, ಬದುಕಿಸಿದ ಜೀವಕ್ಕೆ ಇಲ್ಲವೇ ಎಂದು ಕೇಳಿದಳು. ನಾಯಿಯ ಬೆಲೆ ಕೇಳುವುದು ಬೇಡ, ಡಾಕ್ಟರಿಗೆ ಆದ ಖರ್ಚು ಕೇಳೋಣ, ನಿಮಗಾದ ಮನೋವ್ಯಥೆಗೆ ಪರಿಹಾರ ಕೇಳೋಣ, ಅದಕ್ಕೆ ಕಾಯ್ದೆಯಲ್ಲಿ ದಾರಿಯಿದೆ ಎಂದು ಸಮಾಧಾನ ಮಾಡಿದೆ.

ಮಾವಶಿಗೆ ಸೊನ್ನೆ ಇನ್ನೂ ಗಂಟಲಿನಿಂದ ಇಳಿದಿರಲಿಲ್ಲ. ಪಕ್ಕದಲ್ಲಿದ್ದ ಗಂಡನತ್ತ ಕೈ ತೋರಿಸಿದಳು. "ಹಂಗಾದ್ರ ಇವರಿಗೆ ಏನರ ಆದ್ರ ಹೆಂಗ್ರಿ? ಇವರ ಬಿಲ್ಲೂ ನನ್ನ ಹತ್ರ ಇಲ್ಲ."

ನಾನು ಪೆನ್ನು ಕೈಗೆತ್ತಿಕೊಂಡೆ. ಗಂಡ ಮೆಲ್ಲಗೆ ಮುಂದಕ್ಕೆ ಬಾಗಿ ಹೇಳಿದ, "ಬಾಯಾರ, ಈ ಪಾಯಿಂಟ್ ಕಾಗದದಾಗ ಬರಕೋಬ್ಯಾಡ್ರಿ."

೪. ಗಿಣಿ

ಇಷ್ಟರಲ್ಲಿ ಸುದ್ದಿ ಹರಡಿ ಮಿರಜದಲ್ಲಿ ನಾನು ನಾಯಿ ಕೇಸಿನ ವಕೀಲಬಾಯಿ ಆಗಿಬಿಟ್ಟಿದ್ದೆ. ಒಂದು ದಿನ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಮನೆಯಲ್ಲೇ ಬಿಟ್ಟು ನಮ್ಮ ದೂರದ ಸಂಬಂಧದ ಕಾಕಾ ನಮ್ಮಲ್ಲಿಗೆ ಬಂದರು. ಮಿರಜ ಪೇಟೆಯಲ್ಲಿ ಹೆಸರಿರುವ ಕಿರಾಣಿ ವ್ಯಾಪಾರಿ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ತೂಕದ ಮಾತು. ಅವರು ತಮ್ಮ ಗಿಣಿಗೆಂದು ಬಂಗಾರದ ಬಣ್ಣದ ಹೊಸ ಪಂಜರ ತಂದಿದ್ದರು. ಗಿಣಿ ಸರಳು ಕಚ್ಚಿದಂತೆಲ್ಲ ಬಣ್ಣ ಉದುರಿ ಹೊಟ್ಟೆಗೆ ಹೋಗಿ, ಪುಕ್ಕ ಉದುರಿ ಸಾಯುವ ಹಾಗಾಯಿತು. ಡಾಕ್ಟರು ಬಣ್ಣದಲ್ಲಿ ವಿಷವಿದೆ ಎಂದರು. ಪಂಜರದ ಕಂಪನಿಯನ್ನು ಬಿಡುವುದಿಲ್ಲ ಎಂದು ಕಾಕಾ ಪಣ ತೊಟ್ಟಿದ್ದರು.

ಅವರು ತಂದ ಫೈಲು ನೋಡಿ ನಾನು ದಂಗಾದೆ. ಅಂಥ ಪುರಾವೆ ನನ್ನ ಜನ್ಮದಲ್ಲಿ ಯಾರೂ ತಂದಿರಲಿಲ್ಲ. ಪಂಜರದ ಬಿಲ್ಲು, ಡಾಕ್ಟರ ವರದಿ, ಉದುರಿದ ಬಣ್ಣ ಒಂದು ಡಬ್ಬಿಯಲ್ಲಿ, ಉದುರಿದ ಪುಕ್ಕ ಇನ್ನೊಂದು ಡಬ್ಬಿಯಲ್ಲಿ. ಗಿಣಿಯನ್ನು ತೋಳಿನ ಮೇಲೆ ಕೂರಿಸಿಕೊಂಡು ತಾವೇ ನಿಂತು ತೆಗೆಸಿದ ಫೋಟೋ. ಆರು ವರ್ಷದಿಂದ ನಾನೇ ಸಾಕಿದ್ದೇನೆ ಎಂದು ಸಹಿ ಮಾಡಿದ ಕಾಗದ. ಅದರ ಕೆಳಗೆ ಅಕ್ಕಪಕ್ಕದ ಇಬ್ಬರ ಸಹಿ. ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ. ಕೆಂಪು ಕೊಕ್ಕು, ಕೊರಳಲ್ಲಿ ಗೆರೆ. ನಮ್ಮ ನಾಡಿನದೇ ಕಾಡುಗಿಣಿ.

"ಕಾಕಾ, ಇದನ್ನ ಮನ್ಯಾಗ ಸಾಕೂದ ಅಪರಾಧ ಐತ್ರಿ," ಎಂದೆ. ವನ್ಯಜೀವಿ ಕಾಯ್ದೆ, ಜೈಲು, ದಂಡ ಎಲ್ಲ ವಿವರಿಸಿದೆ. ಪಂಜರದವರ ಮೇಲೆ ಇಷ್ಟು ಗಟ್ಟಿಯಾದ ಕೇಸು ಆಗುತ್ತದೋ ಇಲ್ಲವೋ, ನಿಮ್ಮ ಮೇಲೆ ಮಾತ್ರ ಕಲ್ಲಿನಂಥ ಕೇಸು ತಯಾರಾಗಿದೆ ಎಂದೆ. ಕಾಕಾ ಫೈಲು, ಎರಡೂ ಡಬ್ಬಿ ಎತ್ತಿಕೊಂಡು ಎದ್ದು ಹೋದರು. ಕುಡಿಯದ ಚಹಾ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಫೋನು ಬಂತು. ಬಹಳ ಗಂಭೀರ ದನಿ. "ನೋಡವಾ, ನಮ್ಮ ಮನ್ಯಾಗ ಗಿಣಿ ಇಲ್ಲ. ಎಂದೂ ಇದ್ದಿಲ್ಲ. ಯಾರರ ಕೇಳಿದ್ರ ಹಂಗ ಹೇಳು." ಹೂಂ ಎನ್ನುವಷ್ಟರಲ್ಲಿ ಫೋನಿನ ಹಿಂದಿನಿಂದ ಕೀರಲು ದನಿ ಸ್ಪಷ್ಟವಾಗಿ ಕೇಳಿಸಿತು, "ಬರ್ರಿ, ಕುಂದ್ರಿ, ಚಾ ಕುಡೀರಿ."

ಕಾಕಾ ಒಮ್ಮೆ ಕೆಮ್ಮಿ, "ಅದು ನಿಮ್ಮ ಕಾಕು," ಎಂದರು.

ಅದೇ ವಾರ ನಾನು, ಕಾಕಾ ಇಬ್ಬರೂ ಹೋಗಿ ಗಿಣಿಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದೆವು. ಅಲ್ಲಿ ಔಷಧೋಪಚಾರವಾಗಿ ಬದುಕಿತು. ಆದರೆ ಅದು ಕಾಕು ಎಂದ ಮಾತು ಕಾಕುವಿನ ಕಿವಿಗೆ ಬಿದ್ದು, ಕಾಕಾ ಎಂಟು ದಿನ ಅಂಗಡಿಯಲ್ಲೇ ಊಟ ಮಾಡಿದರು.

೫. ತಕರಾರು

ಮಾವಶಿಯ ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಮಳೆಗಾಲ, ಚಳಿಗಾಲ ಎರಡೂ ಮುಗಿದವು. ಆಯೋಗದ ಅಧ್ಯಕ್ಷರು ಮರಾಠಿಯವರು, ಆದರೆ ಈ ಭಾಗದಲ್ಲೇ ಬೆಳೆದವರು, ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು. ಮಾವಶಿ ಹೊಸ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದಿದ್ದಳು. ದೊಡ್ಡವರ ಮುಂದೆ ವಿನಯದಿಂದ ಇರಬೇಕು ಎಂದು ಗಂಡ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ.

ಅಧ್ಯಕ್ಷರು ಕಾಗದ ಮೇಲೆ ಕೆಳಗೆ ಮಾಡಿ, ಆಕೆಯನ್ನೇ ಮಾತಾಡಿಸೋಣ ಎಂದು ಮೃದುವಾಗಿ ಮರಾಠಿಯಲ್ಲಿ ಕೇಳಿದರು, "ತುಮಚಿ ತಕ್ರಾರ ಕಾಯ ಆಹೆ, ಮಾವಶಿ?" ನಿಮ್ಮ ದೂರು ಏನು ಎಂದು.

ಮಾವಶಿಗೆ ಅದರಲ್ಲಿ ಗುರುತು ಸಿಕ್ಕಿದ್ದು ತಕರಾರು ಎಂಬ ಒಂದೇ ಶಬ್ದ. ಸಾಹೇಬರು ಏನೋ ಹೇಳಿದ್ದಾರೆ, ಅದಕ್ಕೆ ನಿನ್ನ ಆಕ್ಷೇಪ ಇದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡಳು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಹೇಳಿದಳು, "ನಂದೇನೂ ತಕರಾರ ಇಲ್ರಿ ಸಾಹೇಬರ."

ಎದುರು ಪಕ್ಷದ ವಕೀಲರು ಕುರ್ಚಿಯಿಂದ ಚಿಮ್ಮಿ ಎದ್ದರು. ದೂರುದಾರರೇ ದೂರು ಇಲ್ಲ ಎನ್ನುತ್ತಿದ್ದಾರೆ, ಇದನ್ನು ದಾಖಲು ಮಾಡಿ ಕೇಸು ಮುಗಿಸಬೇಕು ಎಂದರು. ಒಂದು ವರ್ಷದ ಕೆಲಸ ಒಂದು ಶಬ್ದದಲ್ಲಿ ನೀರಿಗೆ ಹೋಗುತ್ತಿತ್ತು. ನಾನು ತಡವರಿಸುತ್ತ ಎದ್ದು, ಒಂದೇ ಶಬ್ದ ಮರಾಠಿಯಲ್ಲಿ ದೂರು, ಕನ್ನಡದಲ್ಲಿ ಆಕ್ಷೇಪ, ಆಕೆ ನಿಮಗೆ ಮರ್ಯಾದೆ ಕೊಟ್ಟಿದ್ದಾಳೆಯೇ ಹೊರತು ಕೇಸು ಬಿಟ್ಟಿಲ್ಲ ಎಂದು ವಿವರಿಸಿದೆ. ಅಧ್ಯಕ್ಷರು ಹಾಗಾದರೆ ಕನ್ನಡದಲ್ಲಿ ಏನೆಂದು ಕೇಳಬೇಕು ಎಂದರು. ಏನಾತು ಹೇಳು ಎಂದು ಕೇಳಿ ಸಾಹೇಬರೇ ಎಂದೆ. ಅವರು ಹಾಗೇ ಕೇಳಿದರು.

ಮಾವಶಿ ಶುರು ಮಾಡಿದಳು. ಗಟಾರದ ಮರಿ, ಹಾಲಿನ ಬತ್ತಿ, ತಗಡಿನ ಬಿಸಿಲು, ಲಟ್ಟಣಿಗೆ, ಹೊಸ್ತಿಲು ದಾಟದ ನಾಯಿ, ಒಂದೂ ಬಿಡಲಿಲ್ಲ. ನಾನು ಮರಾಠಿ ಮಾಡಿ ಹೇಳುತ್ತಾ ಹೇಳುತ್ತಾ ದಣಿದೆ. ಊಟದ ಹೊತ್ತು ಮೀರಿತು. ಕೊನೆಗೆ ಅಧ್ಯಕ್ಷರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ತಕರಾರು ಇಲ್ಲದೆಯೇ ಇಷ್ಟಾಯಿತು," ಎಂದರು. "ಇದ್ದಿದ್ದರೆ ನಮಗೆ ಇವತ್ತು ಊಟ ಇತ್ತೇ?"

೬. ಕಾಲು

ಅದೇ ದಿನ ಊಟದ ನಂತರ ಎದುರು ಪಕ್ಷದ ಪಾಳಿ. ಕೂಲರ್ ಮಾಡಿದ ಶೆಡ್ಡಿನ ಮಾಲೀಕ ನಲವತ್ತರ ಆಸುಪಾಸಿನ ಮನುಷ್ಯ. ಒಳ್ಳೆಯ ಇಸ್ತ್ರಿ ಅಂಗಿ, ಕೈಯಲ್ಲಿ ಎರಡು ಫೋನು. ಅವನ ಪರವಾಗಿ ಅವತ್ತೇ ಸಲ್ಲಿಸಿದ ಪ್ರಮಾಣಪತ್ರವನ್ನು ಅವನ ವಕೀಲರು ಗಟ್ಟಿಯಾಗಿ ಓದಿದರು. ಇಂಥ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾನು ಸ್ವತಃ ದೂರುದಾರರ ಮನೆಗೆ ಕೂಲರ್ ಜೋಡಿಸಲು ಹೋಗಿದ್ದಾಗ, ಸದರಿ ನಾಯಿ ಹಿಂದಿನ ಕಾಲು ಎತ್ತಿ ಕೂಲರಿನ ಮೋಟಾರಿನ ಕಡೆಗೆ ಉಚ್ಚೆ ಹೊಯ್ಯುವುದನ್ನು ಕಣ್ಣಾರೆ ಕಂಡಿದ್ದೇನೆ. ಹೀಗೆ ಮೂರು ದಿನವೂ ಮಾಡಿದ್ದರಿಂದ ತಂತಿ ಒದ್ದೆಯಾಗಿ ಕರೆಂಟು ಹರಿದಿದೆ. ಇದು ವಸ್ತುವಿನ ದೋಷವಲ್ಲ, ನಾಯಿಯ ದೋಷ.

ಅರ್ಥಿಂಗ್ ಇಲ್ಲ ಎಂಬ ವರದಿ ನನ್ನ ಕೈಯಲ್ಲಿತ್ತು, ಆದರೆ ಕಣ್ಣಾರೆ ಕಂಡೆ ಎಂಬ ಪ್ರಮಾಣ ಅದನ್ನೂ ಮುಚ್ಚಿಹಾಕುವಂತಿತ್ತು. ಅಧ್ಯಕ್ಷರೂ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ವಸ್ತುವನ್ನು ತಪ್ಪಾಗಿ ಬಳಸಿದ್ದರೆ ಮಾಡಿದವರ ಹೊಣೆ ಇಲ್ಲವಾಗುತ್ತದೆ. ಮಾವಶಿ ನನ್ನ ತೋಳು ಹಿಡಿದು, ಏನು ಓದಿದರು ಎಂದು ಕೇಳಿದಳು. ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದಳು. ಬಗ್ಗಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು.

ನಾನು ನಂಬದೆ ಫೈಲು ತೆರೆದು ಡಾಕ್ಟರ ಚೀಟಿ ತೆಗೆದೆ. ಸುಟ್ಟಗಾಯ, ನರ, ಔಷಧ ಎಲ್ಲ ಹತ್ತು ಸಲ ಓದಿದ್ದೆ. ಮೇಲಿನ ಸಾಲು ಮಾತ್ರ ನಾನೂ ಓದಿರಲಿಲ್ಲ, ಎದುರಿನವರೂ ಓದಿರಲಿಲ್ಲ. ಎದ್ದು ನಿಂತು ಓದಿದೆ. "ನಾಯಿ. ಹೆಣ್ಣು. ವಯಸ್ಸು ಮೂರು. ಒಂದು ಸಲ ಮರಿ ಹಾಕಿದೆ."

ಅಧ್ಯಕ್ಷರು ಕನ್ನಡಕ ತೆಗೆದು ಮಾಲೀಕನನ್ನು ನೋಡಿದರು. ಕಾಲೆತ್ತಿದ್ದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಮಾಲೀಕ ತನ್ನ ವಕೀಲರನ್ನು ನೋಡಿದ. ವಕೀಲರು ಚಾವಣಿ ನೋಡಿದರು. ನಂತರ ಅವರಿಗೆ ಏನೋ ಹೊಳೆದಂತಾಗಿ, ಸಾಹೇಬರೇ, ಹಾಗಿದ್ದರೆ ಅದು ಪಕ್ಕದ ಮನೆಯ ಗಂಡುನಾಯಿ ಇದ್ದೀತು ಎಂದರು.

"ಅಂದರೆ ಇಷ್ಟೆಲ್ಲ ಕರೆಂಟಿರುವ ಕೂಲರಿಗೆ ಇನ್ನೊಂದು ನಾಯಿಯೂ ಸಿಕ್ಕಿದೆ," ಎಂದರು ಅಧ್ಯಕ್ಷರು. "ಪರಿಹಾರ ಎರಡು ನಾಯಿಗೆ ಬರೆಯಲೇ?"

ಸಂಜೆಯೊಳಗೆ ರಾಜಿಯಾಯಿತು. ಔಷಧದ ಖರ್ಚು, ಕೂಲರಿನ ಹಣ ವಾಪಸು, ಮಾವಶಿಯ ಸಂಕಟಕ್ಕೆ ಪರಿಹಾರ. ಆ ಬೇಸಿಗೆಯಲ್ಲಿ ಮಾರಿದ ಎಲ್ಲ ಕೂಲರುಗಳ ಅರ್ಥಿಂಗನ್ನು ಮನೆಮನೆಗೆ ಹೋಗಿ ಸರಿ ಮಾಡಬೇಕು ಎಂದೂ ಬರೆಸಿದೆವು. ಈ ಕೂಲರನ್ನು ಮಾತ್ರ ಮಾಲೀಕ ಖುದ್ದಾಗಿ ಬಂದು, ಸಹಿ ಮಾಡಿ ತೆಗೆದುಕೊಂಡು ಹೋಗಬೇಕು ಎಂದಾಯಿತು.

ಆ ದಿನ ನಾನೂ ಕುಪವಾಡಕ್ಕೆ ಹೋಗಿದ್ದೆ. ಟೆಂಪೋ ಬಂತು. ಇಬ್ಬರು ಹಮಾಲರು ಹಗ್ಗ ಬಿಚ್ಚಿ ಕೂಲರ್ ಹೊರಗೆ ಸಾಗಿಸಿದರು. ನಾಯಿ ಹೊರಗೆ ಬೇವಿನ ಗಿಡದ ಕೆಳಗಿನಿಂದ ನೋಡುತ್ತಿತ್ತು. ಟೆಂಪೋದ ಬಾಗಿಲು ಹಾಕಿದ ಮೇಲೆ ಕುಂಟುತ್ತ ಹೊಸ್ತಿಲಿಗೆ ಬಂದು ನಿಂತು, ಮೂಸಿ, ಒಂದೊಂದೇ ಕಾಲು ಒಳಗಿಟ್ಟು, ಕೂಲರ್ ಇದ್ದ ಜಾಗದಲ್ಲೇ ಮೈಚೆಲ್ಲಿ ಮಲಗಿತು. ಮಾವಶಿ ಕಣ್ಣೊರೆಸಿಕೊಂಡಳು.

ಮಾಲೀಕ ಮಾತ್ರ ಓಣಿಯ ತುದಿಯಲ್ಲೇ ನಿಂತಿದ್ದ. ಸಹಿಗೆ ಕರೆದರೂ ಬರಲೊಲ್ಲ. ನಾನೇ ಕಾಗದ ತೆಗೆದುಕೊಂಡು ಹೋದೆ. ಸಹಿ ಮಾಡುತ್ತ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ: ಪ್ರಮಾಣಪತ್ರ ಬರೆದದ್ದು ವಕೀಲರು, ತಾನು ಓದದೆ ಸಹಿ ಹಾಕಿದೆ, ಈ ಮನೆಗೆ ಇದಕ್ಕೂ ಮೊದಲು ಕಾಲಿಟ್ಟವನೇ ಅಲ್ಲ, ಈಗಲೂ ಇಡಲಾರೆ. ಯಾಕೆ ಎಂದರೆ, ಚಿಕ್ಕಂದಿನಿಂದ ತನಗೆ ನಾಯಿ ಎಂದರೆ ಜೀವಭಯ ಎಂದ.

ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಮಾವಶಿಗೆ, ಮರಾಠಿ ಬಾರದಿದ್ದರೂ, ಅಷ್ಟು ಮಾತ್ರ ತಿಳಿಯಿತು. ಅವಳಿಗೆ ಅವನ ಮೇಲೆ ನಿಜವಾಗಿ ಕನಿಕರ ಬಂದಿತ್ತು.

"ಬರ್ರಿ ಅಣ್ಣಾ, ಅಂಜಬ್ಯಾಡ್ರಿ," ಎಂದಳು. "ನಮ್ಮ ನಾಯಿ ಮುಟ್ಟಿದ್ರ ಶಾಕ್ ಹೊಡಿಯಂಗಿಲ್ಲ."